ಎರಡೂ ಪೇಪರಿನಲ್ಲಿ ಬಂದ ಜ್ವರ

ನಮ್ಮ ಜುಗೂಳದಲ್ಲಿ ಯಾವ ಸುದ್ದಿಯಾದರೂ ಖರೆ ಅನ್ನಿಸಿಕೊಳ್ಳಬೇಕಾದರೆ ಅದು ಎರಡು ಸಲ ಅಚ್ಚಾಗಬೇಕು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಈ ಕಾಯ್ದೆ ಮಾಡಿದ್ದು ಸರಕಾರವಲ್ಲ, ಉತ್ತಮಣ್ಣ.

ಉತ್ತಮಣ್ಣ ಅಂದರೆ ಉತ್ತಮ ಪಾರಿಸ ಖೋತ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ, ಅರವತ್ತೆರಡು ವಯಸ್ಸು, ಮೂಗಿನ ತುದಿಗೆ ಇಳಿದ ಚಷ್ಮಾ. ಪಂಚಾಯತಿಯಲ್ಲಿ ಅವನಿಗೆ ಕುರ್ಚಿ ಇಲ್ಲ, ಸೊಸೈಟಿಯಲ್ಲಿ ಹುದ್ದೆ ಇಲ್ಲ, ಬಸದಿಯ ಕಮಿಟಿಯಲ್ಲೂ ಅವನ ಹೆಸರು ಕೊನೆಯ ಸಾಲಿನಲ್ಲಿದೆ. ಆದರೂ ಊರಿನಲ್ಲಿ ಅವನ ಮಾತಿಗೆ ಇರುವ ತೂಕ ಬೇರೆ ಯಾರದಕ್ಕೂ ಇಲ್ಲ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರೂವರೆಗೆ ಹಾಲಿನ ಡೇರಿಯ ಕಟ್ಟೆಯ ಮೇಲೆ ಕೂತು ಎರಡು ಪೇಪರು ಗಟ್ಟಿಯಾಗಿ ಓದುತ್ತಾನೆ. ಬೆಳಗಾವಿ ಕಡೆಯಿಂದ ಕನ್ನಡದ್ದು ಬರುತ್ತದೆ, ಕೊಲ್ಹಾಪುರದ ಕಡೆಯಿಂದ ಮರಾಠಿಯದ್ದು. ಡೇರಿಯ ಸೆಕ್ರೆಟರಿ ನಾನು, ಅಣ್ಣಾಸಾಬ. ನಾನು ಹಾಲಿನ ಫ್ಯಾಟ್ ನೋಡುತ್ತೇನೆ, ಅವನು ಸುದ್ದಿಯ ಫ್ಯಾಟ್ ನೋಡುತ್ತಾನೆ. ಕ್ಯಾನು ಹಿಡಿದು ಪಾಳಿಯಲ್ಲಿ ನಿಂತ ಮಂದಿ ಹಾಲಿನ ರೇಟಿಗೆ ಜಗಳ ಆಡಬಹುದು, ಉತ್ತಮಣ್ಣನ ರೀಡಿಂಗಿಗೆ ಜಗಳ ಆಡುವುದಿಲ್ಲ.

ಅವನ ಜೇಬಿನಲ್ಲಿ ಒಂದು ಕೆಂಪು ಪೆನ್ನು ಇರುತ್ತದೆ. ಒಂದು ಪೇಪರಿನಲ್ಲಿ ಬಂದ ಸುದ್ದಿಗೆ ಒಂದು ಟಿಕ್, ಅದು ಅರ್ಧ ಖರೆ. ಎರಡರಲ್ಲೂ ಬಂದರೆ ಎರಡು ಟಿಕ್, ಪೂರಾ ಖರೆ. ಅವನ ಸ್ವಂತ ಸೋದರಮಾವ ಆಚೆ ದಂಡೆಯಲ್ಲಿ ತೀರಿಕೊಂಡಾಗ ಮರಾಠಿ ಪೇಪರಿನಲ್ಲಿ ಫೋಟೋ ಬಂತು, ಕನ್ನಡದಲ್ಲಿ ಬರಲಿಲ್ಲ. ಉತ್ತಮಣ್ಣ ಹೋದ, ಹೆಗಲು ಕೊಟ್ಟ, ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದ. ಮರುದಿನ ಡೇರಿಯಲ್ಲಿ ಯಾರೋ ಕೇಳಿದರೆ, ಮಾಮಾ ಹೋದರು ಅಂತ ಅನ್ನಲಿಲ್ಲ. ಹೋದರು ಅಂತ ಒಂದು ಪೇಪರಿನಲ್ಲಿ ಬಂದಿದೆ ಅಂದ. ಹನ್ನೊಂದು ವರ್ಷವಾಯಿತು, ಆ ಮಾಮಾ ನಮ್ಮ ಊರಿನ ಲೆಕ್ಕದಲ್ಲಿ ಇನ್ನೂ ಅರ್ಧ ಬದುಕಿದ್ದಾರೆ.

ನಗಬೇಡಿ. ಆ ಹುಚ್ಚಿಗೆ ಒಂದು ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಕೃಷ್ಣೆಗೆ ಮಹಾಪೂರ ಬಂದಾಗ, ಮರಾಠಿ ಪೇಪರು ಹೊತ್ತಾಗಿ ಬಂತೆಂದು ಅವನು ಕನ್ನಡದ್ದೊಂದನ್ನೇ ಓದಿ ಮುಗಿಸಿದ. ಗಾಬರಿ ಬೇಡ ಎಂದು ಅದರಲ್ಲಿತ್ತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ ಎಂದು ಮರಾಠಿಯದರಲ್ಲಿತ್ತು. ಅದು ಊರು ಮುಟ್ಟುವ ಹೊತ್ತಿಗೆ ನೀರೂ ಊರು ಮುಟ್ಟಿತ್ತು. ಮುರಗೆಪ್ಪನ ಎರಡು ಹಿಂಡುವ ಎಮ್ಮೆ ಕೊಚ್ಚಿಹೋದವು. ಮುರಗೆಪ್ಪ ಖಾಲಿ ಕ್ಯಾನು ಹಿಡಿದು ಎಂಟು ದಿನ ಡೇರಿಗೆ ಬಂದು ಪಾಳಿಯಲ್ಲಿ ನಿಂತು ಹೋದ. ಅದನ್ನು ನೋಡಿದ ಉತ್ತಮಣ್ಣ ಒಂಬತ್ತನೇ ದಿನ ಈ ಕಾಯ್ದೆ ಮಾಡಿದ. ಅವತ್ತಿನಿಂದ ಅವನು ಒಂದೇ ಪೇಪರನ್ನು ನಂಬಿಲ್ಲ.

ಕಾಯ್ದೆಯಿಂದ ಊರಿಗೆ ಕೆಟ್ಟದ್ದೇ ಆಯಿತು ಅಂತ ನಾನು ಹೇಳುವುದಿಲ್ಲ. ಕೊರೊನಾ ಬಂದಾಗ ಎರಡೂ ಪೇಪರು ಒಂದೇ ಮಾತು ಹೇಳಿದವು, ಲಸಿಕೆ ಬಂದಾಗಲೂ ಒಂದೇ ಮಾತು. ಉತ್ತಮಣ್ಣ ಎರಡು ಟಿಕ್ ಹಾಕಿ ತಾನೇ ಮೊದಲು ಅಂಗಿಯ ತೋಳು ಮಡಿಚಿ ನಿಂತ. ಅವನ ಹಿಂದೆ ಊರೇ ನಿಂತಿತು. ಪಕ್ಕದ ಊರುಗಳಲ್ಲಿ ನರ್ಸುಗಳು ಮಂದಿಯನ್ನು ಕಬ್ಬಿನ ಗದ್ದೆಯಲ್ಲಿ ಹುಡುಕುತ್ತಿದ್ದಾಗ ನಮ್ಮಲ್ಲಿ ಪಾಳಿ ಹಚ್ಚಿ ಹಾಕಿಸಿಕೊಂಡೆವು. ಹೀಗಾಗಿ ಅವನ ಕಾಯ್ದೆಯಲ್ಲಿ ಒಂದು ತೂತು ಇದೆ ಎಂಬುದು ಹೋದ ವರ್ಷದ ಮಳೆಗಾಲದ ತನಕ ಯಾರಿಗೂ ತಿಳಿಯಲಿಲ್ಲ.

ಇನ್ನು ಕುಸುಮ ವೈನಿ. ಉತ್ತಮಣ್ಣನ ಹೆಂಡತಿ, ಊರಿಗೆಲ್ಲ ಅತ್ತಿಗೆ. ತವರು ನದಿಯ ಆಚೆ ದಂಡೆ, ಅಂದರೆ ಮಹಾರಾಷ್ಟ್ರ. ಎರಡೂ ಭಾಷೆ ಮಾತಾಡುತ್ತಾಳೆ, ಓದಲಿಕ್ಕೆ ಬರುವುದು ಮರಾಠಿ ಒಂದೇ. ಉತ್ತಮಣ್ಣ ಓದಿ ತಂದ ಮರಾಠಿ ಪೇಪರನ್ನು ಮಧ್ಯಾಹ್ನ ಅಕ್ಕಿ ಆರಿಸುತ್ತ ಮೊದಲ ಪುಟದಿಂದ ಶ್ರದ್ಧಾಂಜಲಿಯ ತನಕ ಓದುತ್ತಾಳೆ. ಅವಳಿಗೆ ದಮ್ಮು. ಕಬ್ಬು ಕಡಿದ ಮೇಲೆ ಉಳಿದ ರವದಿ ಸುಡುವ ದಿನಗಳಲ್ಲಿ ಆಕೆಯ ಉಸಿರು ಮೂರು ಮನೆ ಆಚೆಗೆ ಕೇಳುತ್ತದೆ. ಆ ಮಳೆಗಾಲದ ಹಿಂದಿನ ವರ್ಷ ಒಂದು ಸಾದಾ ನೆಗಡಿ ಎದೆಗಿಳಿದು, ಮಿರಜಿಗೆ ಒಯ್ದು, ಆರು ದಿನ ಆಕ್ಸಿಜನ್ ಹಚ್ಚಿ ಇಟ್ಟಿದ್ದರು. ಆ ಆರು ದಿನ ಉತ್ತಮಣ್ಣ ಪೇಪರು ಮುಟ್ಟಲಿಲ್ಲ. ಅದಕ್ಕೇ ಕಾಗವಾಡದ ಡಾಕ್ಟರ್ ರೂಪಾಲಿ ಹೋದ ವರ್ಷ ಮಳೆ ಹಿಡಿಯುವ ಮೊದಲೇ ಹೇಳಿದರು, ಫ್ಲೂ ಬಂದರೆ ಈ ಎದೆ ತಡೆಯುವುದಿಲ್ಲ, ಇವರಿಗೆ ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್ ಹಾಕಿಸಬೇಕು ಅಂತ. ಉತ್ತಮಣ್ಣ ತಲೆಯಾಡಿಸಿದ. ಪೇಪರಿನಲ್ಲಿ ನೋಡಿ ಹೇಳುತ್ತೇನೆ ಅಂದ.

ಎಂಟು ದಿನಕ್ಕೆ ಪೇಪರಿನಲ್ಲಿ ಬಂತು. ಬಂದ ರೀತಿಯೇ ಅವನನ್ನು ಪೇಚಿಗೆ ಸಿಕ್ಕಿಸಿತು. ಆಚೆ ದಂಡೆಯ ಹಳ್ಳಿಗಳಲ್ಲಿ ಫ್ಲೂ ಹಬ್ಬಿದೆ, ದವಾಖಾನೆಗಳಲ್ಲಿ ಪಾಳಿ ಹತ್ತಿದೆ ಎಂದು ಮರಾಠಿ ಪೇಪರು ಮೊದಲ ಪುಟದಲ್ಲಿ ಬರೆಯಿತು. ಕನ್ನಡ ಪೇಪರಿನಲ್ಲಿ ಅದರ ಸುಳಿವೂ ಇಲ್ಲ. ಬದಲಿಗೆ ಅದೇ ದಿನ ಆರೋಗ್ಯದ ಪುಟದಲ್ಲಿ ಫ್ಲೂ ಲಸಿಕೆ ಯಾರು ಹಾಕಿಸಿಕೊಳ್ಳಬೇಕು ಎಂಬ ಲೇಖನ ಬಂತು. ವಯಸ್ಸಾದವರು, ದಮ್ಮಿನವರು, ಸಕ್ಕರೆ ಕಾಯಿಲೆಯವರು, ಬಸುರಿಯರು ಎಂದು ಬಿಡಿಸಿ ಬರೆದಿದ್ದರು. ಮರಾಠಿಯಲ್ಲಿ ಲಸಿಕೆಯ ಮಾತಿಲ್ಲ. ಉತ್ತಮಣ್ಣ ಎರಡನ್ನೂ ಎರಡೆರಡು ಸಲ ಓದಿದ. ಚಷ್ಮಾ ತೆಗೆದು ಒರೆಸಿದ. ರೋಗಕ್ಕೆ ಒಂದು ಟಿಕ್ ಹಾಕಿದ, ಲಸಿಕೆಗೆ ಒಂದು ಟಿಕ್ ಹಾಕಿದ. ರೋಗ ಆ ದಂಡೆಯಲ್ಲಿ, ಲಸಿಕೆ ಈ ದಂಡೆಯಲ್ಲಿ, ಎರಡೂ ಅರ್ಧ ಖರೆ ಎಂದು ತೀರ್ಪು ಕೊಟ್ಟ.

ಅರ್ಧ ಖರೆ ರೋಗಕ್ಕೆ ಊರು ಅರ್ಧ ಎಚ್ಚರಿಕೆ ಸುರು ಮಾಡಿತು. ಆಚೆ ದಂಡೆಗೆ ಹೋಗುವ ಬೋಟಿನಲ್ಲಿ ಕೂತವರು ನದಿಯ ನಟ್ಟನಡುವೆ ಬಂದ ಕೂಡಲೇ ಮೂಗಿಗೆ ವಸ್ತ್ರ ಕಟ್ಟುವುದು, ಬರುವಾಗ ನಟ್ಟನಡುವೆ ಬಿಚ್ಚುವುದು ಎಂದಾಯಿತು. ಒಂದು ದಿನ ನಡು ಎಲ್ಲಿ ಎಂದು ಇಬ್ಬರಿಗೆ ಜಗಳ ಹತ್ತಿ, ಬೋಟು ಅಲ್ಲಿಯೇ ಕಾಲು ತಾಸು ಸುತ್ತಿತು. ಅಷ್ಟೂ ಹೊತ್ತು ಒಂದು ಕಡೆಯವರು ವಸ್ತ್ರ ಕಟ್ಟಿಕೊಂಡು, ಇನ್ನೊಂದು ಕಡೆಯವರು ಬಿಚ್ಚಿಕೊಂಡು ಕೂತಿದ್ದರು. ಆಚೆ ಹೊಲದಲ್ಲಿ ಮೇದು ಬಂದ ಎಮ್ಮೆಗಳ ಹಾಲನ್ನು ಬೇರೆ ಕ್ಯಾನಿನಲ್ಲಿ ಹಾಕಬೇಕು ಎಂದೂ ತಕರಾರು ಬಂತು. ಇಂಥ ಮಂಗ್ಯಾತನ ಮಾಡುವವ ಯಾವನು ಎಂದು ನೀವು ಕೇಳಬಹುದು. ನಾನೇ. ಹದಿನೈದು ದಿನ ಎರಡು ಕ್ಯಾನು ಇಟ್ಟಿದ್ದೆ, ಸಂಜೆ ಎರಡನ್ನೂ ಒಂದೇ ಟ್ಯಾಂಕರಿಗೆ ಸುರುವುತ್ತಿದ್ದೆ.

ಆ ಎರಡು ಸುದ್ದಿ ಬಂದ ದಿನವೇ ಮಧ್ಯಾಹ್ನ ಕುಸುಮ ವೈನಿ ಪೇಪರು ಓದಿ ಮುಗಿಸಿ ಗಂಡನನ್ನು ಕೇಳಿದಳಂತೆ. ನನ್ನ ಹೆಂಡತಿ ಆಗ ಅಲ್ಲಿ ಹಪ್ಪಳ ಒತ್ತುತ್ತಿದ್ದಳು, ಅವಳು ಹೇಳಿದ್ದು.

"ಆ ಸೂಜಿ ಹಾಕಿಸ್ಕೊಂಡ್ ಬರೂಣೇನ್ರಿ? ನಮ್ಮ ಅಕ್ಕನ ಓಣಿಯೊಳಗ ನಾಲ್ಕ ಮಂದಿ ಮಲಗ್ಯಾರಂತ."

"ನಮ್ಮ ಪೇಪರಿನಾಗ ಸೂಜಿ ಬಂದೈತಿ, ರೋಗ ಇನ್ನೂ ಬಂದಿಲ್ಲ," ಅಂದ ಉತ್ತಮಣ್ಣ. "ಅವರ ಪೇಪರಿನಾಗ ಸೂಜಿ ಬಂದಿಲ್ಲ. ಎರಡೂ ಬರಲಿ. ಅರ್ಧ ಖರೆ ಮಾತಿಗೆ ನಿನ್ನ ಮೈಯಾಗ ಸೂಜಿ ಚುಚ್ಚಿಸಿ ಏನರೆ ಆದ್ರ ನಾ ಏನ್ ಮಾಡ್ಲಿ?"

ವೈನಿ ಅಕ್ಕಿಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಹೊರಗೆ ಒಗೆದಳಂತೆ, ಅಷ್ಟೆ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಡಾಕ್ಟರ್ ಬಾಯಿಯಿಂದ ಹೇಳಿದ್ದನ್ನು ಬಿಟ್ಟು ಪೇಪರಿನ ದಾರಿ ಕಾಯುವುದು ಎಂಥ ಶಹಾಣೆತನ? ಡೇರಿಯಲ್ಲಿ ಹಾಗೇ ಕೇಳಿದೆ. ಡಾಕ್ಟರು ಒಬ್ಬರೇ ಅಲ್ಲವೇ, ಒಂದೇ ಪೇಪರು ಇದ್ದಂತೆ, ಅಂದುಬಿಟ್ಟ. ಆದರೆ ಅವನು ಹೆಂಡತಿಯನ್ನು ಅಲಕ್ಷ್ಯ ಮಾಡುತ್ತಿದ್ದ ಎಂದು ಯಾರೂ ತಿಳಿಯಬಾರದು. ಅವನಿಗೆ ಹೆದರಿಕೆಯಾಗಿತ್ತು. ಒಂದು ಸಲ ಒಂದು ಪೇಪರು ನಂಬಿ ಬೇರೆಯವರ ಎಮ್ಮೆ ಕಳೆದವನು, ಈಗ ಒಂದು ಪೇಪರು ನಂಬಿ ಹೆಂಡತಿಯನ್ನು ಕಳೆದರೆ ಎಂಬ ಹೆದರಿಕೆ. ಹೆದರಿದ ಮನುಷ್ಯನಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಅದೇ ವಾರ ವೈನಿ ತನ್ನ ಅಕ್ಕನ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆಂದು ಆಚೆ ದಂಡೆಗೆ ಹೋದಳು. ರೋಗದ ಊರಿಗೆ ಹೋಗಬೇಡ ಎಂದು ಉತ್ತಮಣ್ಣ ಹೇಳಬೇಕಿತ್ತು. ಹೇಳಿದರೆ ರೋಗ ಪೂರಾ ಖರೆ ಎಂದು ಒಪ್ಪಿದ ಹಾಗೆ ಆಗುತ್ತಿತ್ತು. ಹೀಗಾಗಿ ಸುಮ್ಮನೆ ಬೋಟಿನ ತನಕ ಹೋಗಿ, ವಸ್ತ್ರ ನಡುವಿಗಿಂತ ಸ್ವಲ್ಪ ಮೊದಲೇ ಕಟ್ಟಿಕೋ ಎಂದು ಹೇಳಿ ಬಂದ. ನಾಲ್ಕು ದಿನ ಬಿಟ್ಟು ವೈನಿ ಸುಖರೂಪ ತಿರುಗಿ ಬಂದಳು.

ಆಮೇಲೆ ಮೂರು ವಾರ ಕಳೆದವು. ಮರಾಠಿ ಪೇಪರಿನಲ್ಲಿ ರೋಗ ದಿನಾ ಬರುತ್ತಿತ್ತು, ಕನ್ನಡ ಪೇಪರು ತುಟಿ ಬಿಚ್ಚಲಿಲ್ಲ. ವೈನಿಯೂ ಇಂಜೆಕ್ಷನ್ನಿನ ಮಾತು ಎತ್ತಲಿಲ್ಲ. ಅವಳು ಸುಮ್ಮನಾದದ್ದು ಉತ್ತಮಣ್ಣನಿಗೆ ಇನ್ನೂ ತ್ರಾಸಾಯಿತು. ಸಿಟ್ಟಾಗಿದ್ದಾಳೆ, ಜೀವದ ಆಸೆ ಬಿಟ್ಟಿದ್ದಾಳೆ ಎಂದು ಏನೇನೋ ತಿಳಿದುಕೊಂಡು ಬಡಕಲಾದ. ಕಡೆಗೆ ಒಂದು ಉಪಾಯ ಹೊಳೆಯಿತು. ಕಾಯ್ದೆ ಮುರಿಯುವಂತಿಲ್ಲ, ಹೆಂಡತಿಯನ್ನೂ ಕಳೆಯುವಂತಿಲ್ಲ. ಹಾಗಾದರೆ ಕನ್ನಡ ಪೇಪರಿನಲ್ಲಿ ಸುದ್ದಿಯನ್ನು ತಾನೇ ಹಾಕಿಸಬೇಕು. ಆಗ ರೋಗಕ್ಕೆ ಎರಡು ಟಿಕ್ ಬೀಳುತ್ತದೆ. ರೋಗ ಪೂರಾ ಖರೆ ಆದ ಮೇಲೆ ಲಸಿಕೆಯ ಅರ್ಧ ಸುದ್ದಿಗೆ ಜಾಮೀನು ಸಿಕ್ಕಂತೆ. ಇದು ಅವನ ಲೆಕ್ಕ. ನನಗೆ ಕೇಳಿ ತಲೆ ಸುತ್ತಿತು, ಆದರೂ ಮೋಟರ್‌ಸೈಕಲ್ ಮೇಲೆ ಅವನನ್ನು ಕಾಗವಾಡಕ್ಕೆ ಒಯ್ದವನು ನಾನೇ.

ಕಾಗವಾಡದಲ್ಲಿ ಮಲ್ಲೇಶ ಎಂಬ ಹುಡುಗ ಕನ್ನಡ ಪೇಪರಿಗೆ ಸುದ್ದಿ ಕಳಿಸುತ್ತಾನೆ, ಉಳಿದ ಹೊತ್ತು ಝೆರಾಕ್ಸ್ ಅಂಗಡಿ ನಡೆಸುತ್ತಾನೆ. ಯಾರದೋ ಆಧಾರ್ ಕಾರ್ಡು ಮಷಿನ್ನಿನ ಮೇಲೆ ಇಟ್ಟುಕೊಂಡೇ ಅವನು ಪೂರಾ ಕೇಳಿದ. ಆಚೆ ದಂಡೆಯ ರೋಗ ತಮ್ಮ ಪೇಪರಿಗೆ ಬರುವುದಿಲ್ಲ, ಈಚೆ ದಂಡೆಯಲ್ಲಿ ರೋಗ ಇದೆ ಎನ್ನಲಿಕ್ಕೆ ಟೆಸ್ಟ್ ಆದ ಒಬ್ಬ ಪೇಶಂಟಾದರೂ ಬೇಕು ಅಂದ. ಒಬ್ಬನೇ ಸಾಕೇ ಎಂದು ಉತ್ತಮಣ್ಣ ಕೇಳಿದ. ಸಣ್ಣ ಸುದ್ದಿಗೆ ಒಬ್ಬ ಸಾಕು ಎಂದ ಮಲ್ಲೇಶ.

ಮರುದಿನದಿಂದ ಉತ್ತಮಣ್ಣ ಊರಿನಲ್ಲಿ ಪೇಶಂಟ್ ಹುಡುಕಲು ಹೊರಟ. ಕೆಮ್ಮು ಕೇಳಿದ ಮನೆಗೆಲ್ಲ ಹೊಕ್ಕ. ಅಷ್ಟು ದಿನ ಗೊರಗೊರ ಅನ್ನುತ್ತಿದ್ದ ಊರು ಅವನನ್ನು ಕಂಡೊಡನೆ ಗಟ್ಟಿಮುಟ್ಟಾಯಿತು. ಸುಂದ್ರವ್ವ ಮೂರು ದಿನದಿಂದ ಕೌದಿ ಹೊದ್ದು ಮಲಗಿದ್ದಳು. ಇವನು ಬಾಗಿಲಲ್ಲಿ ನಿಂತದ್ದು ಕಂಡು ಎದ್ದು, ಒರಳಿನಲ್ಲಿ ಖಾರ ಕುಟ್ಟಲು ಸುರು ಮಾಡಿದಳು. ಮೊದಲೇ ಜ್ವರ, ಮೇಲೆ ಖಾರದ ಘಾಟು, ಕೆಮ್ಮಿ ಕೆಮ್ಮಿ ಕಣ್ಣು ಹೊರಗೆ ಬಂದರೂ ಇದು ಮೆಣಸಿನಕಾಯಿ ಕೆಮ್ಮು ಎಂದೇ ಸಾಧಿಸಿದಳು. ಮಗಳನ್ನು ನೋಡಲು ರಾಯಬಾಗದಿಂದ ಬೀಗರು ಬರುವವರಿದ್ದರು, ಪೇಪರಿನಲ್ಲಿ ರೋಗದ ಮನೆ ಅಂತ ಬಂದರೆ ಯಾರು ಬರುತ್ತಾರೆ? ಅವಳದೂ ತಪ್ಪಲ್ಲ.

ಕಡೆಗೆ ಸಿಕ್ಕವನು ಮುರಗೆಪ್ಪ, ಅದೇ ಎಮ್ಮೆ ಕಳಕೊಂಡ ಮುರಗೆಪ್ಪ. ಅವನ ಹೊಲ ಆಚೆ ದಂಡೆಯಲ್ಲಿದೆ. ಮೈ ಕಾದ ಹಂಚು, ಮೂಗು ಸೋರುವ ನಲ್ಲಿ. ತನಗೆ ಫ್ಲೂ ಇದೆ ಎಂದು ಅವನು ಮುಚ್ಚಿಡದೆ ಒಪ್ಪಿದ. ಉತ್ತಮಣ್ಣನಿಗೆ ಹಬ್ಬವಾಯಿತು. ಆದರೆ ಟೆಸ್ಟಿಗೆ ಕಾಗವಾಡಕ್ಕೆ ಬಾ ಎಂದರೆ ಮುರಗೆಪ್ಪ ಮುದುಡಿ ಕೂತ.

"ಈ ಜ್ವರ ನಂದಲ್ಲೋ ಮಾರಾಯಾ, ಆಚೆ ದಂಡೀದು. ಹೊಲದಾಗ ಹತ್ತೈತಿ. ಅದನ್ನ ತಂದು ನಮ್ಮ ರಾಜ್ಯದಾಗ ಬರಸೂದು ನ್ಯಾಯ ಅಲ್ಲ."

ಜ್ವರ ಯಾವ ರಾಜ್ಯದ್ದು ಎಂಬುದರ ಮೇಲೆ ಒಂದೂವರೆ ತಾಸು ವಾದ ನಡೆಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಉತ್ತಮಣ್ಣ ಮಂಚದ ಮೇಲೆ ಮುರಗೆಪ್ಪನ ಮಗ್ಗುಲಲ್ಲಿ ಕೂತು, ಮುಖಕ್ಕೆ ಮುಖ ಕೊಟ್ಟು, ಹತ್ತಿದ್ದು ಎಲ್ಲಿಯೇ ಇರಲಿ, ಮಲಗಿದ್ದು ಜುಗೂಳದಲ್ಲಿ, ಹೀಗಾಗಿ ಜ್ವರ ಕರ್ನಾಟಕದ್ದು ಎಂದು ತಿಳಿಹೇಳಿದ. ಹುಟ್ಟಿದ್ದು ಎಲ್ಲಿಯೋ ಅದೇ ತವರು ಎಂದು ಮುರಗೆಪ್ಪ ಪಟ್ಟು ಹಿಡಿದ. ಪ್ರತಿ ಮಾತಿಗೊಮ್ಮೆ ಉತ್ತಮಣ್ಣನ ಮೋರೆಗೆ ಸೀನಿದ. ಮೂಗಿಗೆ ವಸ್ತ್ರ ಕಟ್ಟಿಕೊಳ್ಳೋ ಎಂದು ನಾನು ಎರಡು ಸಲ ಹೇಳಿದೆ. ಈಚೆ ದಂಡೆಯಲ್ಲಿ ಯಾಕೆ ಎಂದು ಇಬ್ಬರೂ ಕೂಡಿ ನನ್ನನ್ನೇ ಬೈದರು.

ಮೂರನೆಯ ದಿನ ಉತ್ತಮಣ್ಣನಿಗೆ ಜ್ವರ ಬಂತು.

ಜ್ವರ ಬಂದು ಕುಣಿದ ಮನುಷ್ಯನನ್ನು ನಾನು ಅವನೊಬ್ಬನನ್ನೇ ನೋಡಿದ್ದು. ನೂರಾ ಎರಡು ಡಿಗ್ರಿ ಕಾವು ಹೊತ್ತು, ಕಂಬಳಿ ಸುತ್ತಿಕೊಂಡು, ಹಲ್ಲು ಕಟಕಟ ಅನ್ನಿಸುತ್ತ ಬೆಳಿಗ್ಗೆ ಡೇರಿಗೆ ಬಂದ. ಪೇಶಂಟ್ ಸಿಕ್ಕ ಎಂದು ಹೇಳಿ ತನ್ನ ಎದೆ ಮುಟ್ಟಿ ತೋರಿಸಿದ. ಪಾಳಿಯಲ್ಲಿದ್ದ ಮಂದಿ ಕ್ಯಾನು ಬಿಟ್ಟು ಓಡಿದರು. ನಾನು ಮೂಗು ಬಾಯಿ ಕಟ್ಟಿಕೊಂಡು, ಅವನಿಗೂ ಕಟ್ಟಿ, ಕಾಗವಾಡದ ಡಾಕ್ಟರ್ ರೂಪಾಲಿಯವರ ಹತ್ತಿರ ಕರೆದೊಯ್ದೆ. ಅವರು ಮೂಗಿನಲ್ಲಿ ಕಡ್ಡಿ ಆಡಿಸಿ ಟೆಸ್ಟಿಗೆ ಕಳಿಸಿದರು, ಗುಳಿಗೆ ಬರೆದುಕೊಟ್ಟರು. ರಿಪೋರ್ಟಿನ ಒಂದು ಪ್ರತಿ ಮಲ್ಲೇಶನಿಗೂ ಕೊಡಬೇಕು, ನಾಲ್ಕು ದಿನದಲ್ಲಿ ಸುದ್ದಿ ಬಂದರೆ ಐದನೇ ದಿನ ಕುಸುಮನಿಗೆ ಇಂಜೆಕ್ಷನ್ ಹಾಕಿಸುತ್ತೇನೆ ಎಂದು ಉತ್ತಮಣ್ಣ ಹುರುಪಿನಿಂದ ಹೇಳಿದ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಕುಸುಮಕ್ಕಗ ಇನ್ನೂ ಹಾಕ್ಸಿಲ್ಲೇನ್ರಿ? ಸೂಜಿ ಹಾಕಿದ ಮ್ಯಾಲ ಮೈಯಾಗ ಶಕ್ತಿ ಬರಾಕ ಎರಡು ವಾರ ಬೇಕು. ನೀವು ನಿನ್ನಿತನಕ ಅವರ ಜೋಡಿನ ಊಟ ಮಾಡೀರಿ."

ಅಷ್ಟೇ ಹೇಳಿದರು. ಉತ್ತಮಣ್ಣನ ಮುಖದಲ್ಲಿ ಇದ್ದ ಖುಷಿ ಹೋದದ್ದನ್ನು ನಾನು ನೋಡಿದೆ. ಜುಗೂಳದ ಅಗಸೆಬಾಗಿಲು ಬಂದಾಗ, ಮನೆಯೊಳಗೆ ಬೇಡ, ಹಿತ್ತಲ ಬಾಗಿಲಿಗೆ ಬಿಡು ಅಂದ. ಸೀದಾ ಹೋಗಿ ಮೇವಿನ ಕೋಣೆಯಲ್ಲಿ ಸೇರಿ ಒಳಗಿನಿಂದ ಅಗಳಿ ಹಾಕಿಕೊಂಡ. ಕುಸುಮ ಈ ಕಡೆ ಬರಬಾರದು, ಊಟ ಹೊಸ್ತಿಲ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿಯಬೇಕು ಎಂದು ಒಳಗಿನಿಂದಲೇ ಕೂಗಿ ಹೇಳಿದ.

ಆ ಕೋಣೆಯಲ್ಲಿ ಅವನು ಮಾಡುತ್ತಿದ್ದ ಕೆಲಸ ಒಂದೇ. ಗೋಡೆಗೆ ಕಿವಿ ಹಚ್ಚಿ ಹೆಂಡತಿಯ ಉಸಿರು ಕೇಳುವುದು. ಬೆಳಿಗ್ಗೆ ಹಾಲು ಒಯ್ಯಲಿಕ್ಕೆ, ಪೇಪರು ಕೊಡಲಿಕ್ಕೆ ನಾನು ಹೋದರೆ ಕಿಡಕಿಯಿಂದ ಮೊದಲು ಕೇಳುತ್ತಿದ್ದುದು, ಆಕೆ ಕೆಮ್ಮಿದಳೇ ಅಂತ. ಇಲ್ಲ ಅಂದರೆ ನಂಬುತ್ತಿರಲಿಲ್ಲ. ನನ್ನ ಹೆಂಡತಿಯನ್ನೂ ಬರಹೇಳಿ, ಅವಳೂ ಇಲ್ಲ ಅಂದ ಮೇಲೆ ಸ್ವಲ್ಪ ಸಮಾಧಾನ ಆಗುತ್ತಿತ್ತು. ಪೇಪರು ಬಿಚ್ಚದೆ ಮೇವಿನ ಮೇಲೆ ಒಗೆಯುತ್ತಿದ್ದ. ಎಂಥ ಮನುಷ್ಯ ಎಂದು ಬೈಯಲು ಹೋದವನು ನಾನು, ಆ ಮುಖ ನೋಡಿ ಹಾಲಿನ ಕ್ಯಾನು ಎತ್ತಿಕೊಂಡು ತಿರುಗಿ ಬಂದೆ.

ಐದನೇ ದಿನ ಕನ್ನಡ ಪೇಪರಿನಲ್ಲಿ ಬಂತು. ಏಳನೇ ಪುಟ, ಕೆಳಗಿನ ಮೂಲೆ, ಬೋರ್‌ವೆಲ್ ಜಾಹೀರಾತಿನ ಮಗ್ಗುಲಿಗೆ: ಕಾಗವಾಡ ತಾಲೂಕಿನಲ್ಲಿ ಒಬ್ಬರಿಗೆ ಫ್ಲೂ, ಆತಂಕ ಬೇಡ. ಮೂರು ಸಾಲು. ಅದೇ ದಿನ ಮರಾಠಿ ಪೇಪರಿನಲ್ಲೂ, ರೋಗ ನದಿ ದಾಟಿದೆ ಎಂದು ಎರಡು ಸಾಲು. ಬೆಳಿಗ್ಗೆ ಡೇರಿಯಲ್ಲಿ ಓದುವವರು ಇರಲಿಲ್ಲ, ನಾನೇ ತಡವರಿಸುತ್ತ ಓದಿದೆ. ಪಾಳಿಯಲ್ಲಿದ್ದವರೆಲ್ಲ ವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡರು. ಸುಂದ್ರವ್ವ ತನಗೂ ಬಂದು ಹೋಗಿದೆ ಎಂದು ಅವತ್ತು ಒಪ್ಪಿದಳು. ಬೀಗರು ಅಷ್ಟರಲ್ಲಿ ಮಗಳನ್ನು ಮೆಚ್ಚಿ ಹೋಗಿದ್ದರು.

ಎರಡೂ ಪೇಪರು ತೆಗೆದುಕೊಂಡು ಹಿತ್ತಲಿಗೆ ಹೋದೆ. ಕಿಡಕಿಯಿಂದ ಒಳಗೆ ಕೊಟ್ಟು ಪುಟ ತೆರೆದು ತೋರಿಸಿದೆ. ಉತ್ತಮಣ್ಣ ನೋಡಿದ. ಜ್ವರ ಇಳಿದಿತ್ತು, ಗಲ್ಲ ಒಳಗೆ ಹೋಗಿದ್ದವು. ಅವನು ಓದುತ್ತಿರುವಾಗಲೇ ಅಡಿಗೆಮನೆಯ ಕಡೆಯಿಂದ ಕೆಮ್ಮು ಕೇಳಿತು. ಒಂದು, ಎರಡು, ಆಮೇಲೆ ಉದ್ದ ಒಂದು. ಕುಸುಮ ವೈನಿಯದೇ.

ಪೇಪರು ಕೈಯಿಂದ ಬಿತ್ತು. ಉತ್ತಮಣ್ಣ ಕಿಡಕಿಯ ಸರಳು ಹಿಡಿದು ಅತ್ತ. ಅರವತ್ತೆರಡು ವರ್ಷದ ಗಂಡಸು, ಊರಿಗೆಲ್ಲ ಸುದ್ದಿ ಹೇಳುವವನು, ಸಣ್ಣ ಹುಡುಗರ ಹಾಗೆ ಅತ್ತ. ವೈನಿ ಸೆರಗು ಮೂಗಿಗೆ ಕಟ್ಟಿಕೊಂಡು ಗಂಜಿಯ ಬೋಗಾಣಿ ಹಿಡಿದು ಅಂಗಳಕ್ಕೆ ಬಂದಳು.

"ನಾನ ನಿನ್ನ ಕೊಂದೆ," ಅಂದ. "ಪೇಪರಿನ ದಾರಿ ನೋಡ್ಕೋತ ಕೂತು, ರೋಗ ಹುಡುಕ್ಯಾಡಿ ತಂದು, ನಿನ್ನ ತಾಟಿನಾಗ ಹಾಕಿದೆ. ಅಣ್ಣಾಸಾಬ, ಗಾಡಿ ತರಸು, ಮಿರಜಿಗೆ ಒಯ್ಯೂಣು."

"ಯಾಕ ಅಳ್ತೀರಿ?" ಎಂದಳು ವೈನಿ. "ಮೊನ್ನಿಂದ ಸಣ್ಣ ಜ್ವರ ಇತ್ತು, ಇವತ್ತ ಬಿಟ್ಟೈತಿ. ಆಶಾ ಕೆಲಸದ ತಾರವ್ವ ಬಂದು ಬೆರಳಿಗೆ ಮಷಿನ್ ಹಚ್ಚಿ ನೋಡ್ಯಾಳ, ಉಸಿರು ಬರೋಬರಿ ಐತಿ. ನಾ ಸೂಜಿ ಹಾಕ್ಸ್ಕೊಂಡೀನ್ರಿ."

ಜಾವಳಕ್ಕೆ ಹೋದಾಗ ಅಕ್ಕನ ಜೋಡಿ ಮಿರಜಿಗೆ ಹೋಗಿ ಹಾಕಿಸಿಕೊಂಡು ಬಂದಿದ್ದಳು. ಅಲ್ಲಿಯ ಡಾಕ್ಟರು, ನೀವು ಜೈನರು, ಮೊದಲೇ ಹೇಳಿಬಿಡುತ್ತೇನೆ, ಇದನ್ನು ತತ್ತಿಯಲ್ಲಿ ಬೆಳೆಸುತ್ತಾರೆ ಅಂದರಂತೆ. ವೈನಿ ದವಾಖಾನೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡು ತೋಳು ಮುಂದೆ ಮಾಡಿದಳಂತೆ. ಉಸಿರಿದ್ದರೆ ಧರ್ಮ ಎಂದು ತಾನೇ ತನಗೆ ಹೇಳಿಕೊಂಡು, ಅದರ ಪ್ರಾಯಶ್ಚಿತ್ತಕ್ಕೆ ಅವತ್ತೇ ಬೆಲ್ಲ ಬಿಟ್ಟಳಂತೆ, ದೀಪಾವಳಿಯ ತನಕ. ಕಬ್ಬು ಬೆಳೆಯುವ ಮನೆಯಲ್ಲಿ, ಒಂದೇ ಪಡಸಾಲೆಯಲ್ಲಿ ಎದುರುಬದುರು ಉಂಡು, ಹೆಂಡತಿಯ ತಾಟಿನಲ್ಲಿ ಒಂದು ತಿಂಗಳಿಂದ ಬೆಲ್ಲ ಇಲ್ಲದ್ದು ಉತ್ತಮಣ್ಣನಿಗೆ ಕಂಡಿರಲಿಲ್ಲ. ದೀಪದ ಬುಡಕ್ಕೆ ಕತ್ತಲೆ ಅನ್ನುವುದು ಸುಮ್ಮನಲ್ಲ.

"ಆದ್ರ ಸುದ್ದಿ ಅರ್ಧನ ಖರೆ ಇತ್ತಲ್ಲ," ಎಂದ ಉತ್ತಮಣ್ಣ. ಆಗಲೂ ಅದನ್ನೇ ಕೇಳಿದ ನೋಡಿ.

"ರೋಗ ನಾ ಓದಿದ್ದೆ. ಸೂಜಿ ನೀವು ಓದಿ ಹೇಳಿದ್ರಿ. ಎರಡೂ ಕೂಡಿಸಿದೆ, ಒಂದಾತು," ಎಂದಳು ವೈನಿ.

ಇಪ್ಪತ್ತು ವರ್ಷದಲ್ಲಿ ಡೇರಿಯ ಕಟ್ಟೆಯ ಮೇಲೆ ಕೂತ ಒಬ್ಬ ಗಂಡಸಿಗೂ ಈ ಲೆಕ್ಕ ಹೊಳೆದಿರಲಿಲ್ಲ. ಎರಡು ಅರ್ಧ ಕೂಡಿಸಬಹುದು ಎಂಬುದು. ನನಗೂ ಹೊಳೆದಿರಲಿಲ್ಲ, ದಿನಾ ಎರಡು ಕ್ಯಾನಿನ ಹಾಲು ಕೂಡಿಸುತ್ತಿದ್ದವನಿಗೆ.

ನನಗೆ ಯಾಕೆ ಹೇಳಲಿಲ್ಲ ಎಂದು ಉತ್ತಮಣ್ಣ ಸಣ್ಣ ದನಿಯಲ್ಲಿ ಕೇಳಿದ. ಯಾವ ಪೇಪರಿನಲ್ಲೂ ಬಂದಿರಲಿಲ್ಲವಲ್ಲ, ನಂಬುತ್ತಿದ್ದಿರೇನು ಎಂದಳು ವೈನಿ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕೇಳಲಿಕ್ಕೆ ಕಷ್ಟವಾಯಿತು. ಉತ್ತಮಣ್ಣ ಕೆಳಗೆ ಬಿದ್ದ ಪೇಪರನ್ನು ಎತ್ತಿಕೊಳ್ಳಲಿಲ್ಲ.

"ಬ್ಯಾರೆ ಏನೇನು ಹೇಳೂದು ಉಳದೈತಿ ನನಗ?" ಎಂದು ಅವನು ಕೇಳಿದ.

ವೈನಿ ಬೋಗಾಣಿಯನ್ನು ಹೊಸ್ತಿಲ ಮೇಲಿಟ್ಟಳು. ಹತ್ತು ಹೆಜ್ಜೆ ಹಿಂದೆ ಸರಿದು, ತೊಗರಿ ಒಣ ಹಾಕಿದ ತಟ್ಟನ್ನು ಆಚೆ ಸರಿಸಿ, ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮದುವೆಯಾದ ವರ್ಷದಿಂದ ಸುರು ಮಾಡಲೇ ಎಂದು ಕೇಳಿದಳು. ಅವನು ಹೂಂ ಅಂದ.

"ಆ ವರ್ಷ ಶ್ರಾವಣದಾಗ, ನನಗ ಕನ್ನಡ ಓದಾಕ ಕಲಸ್ತೀನಿ ಅಂತ ಹೇಳಿದ್ರಿ. ಪಾಟಿ ಪೆನ್ಸಿಲ್ ತಂದು ಗ್ವಾಡಿ ಮಾಡದಾಗ ಇಟ್ಟು ದಿನಾ ಸಂಜಿಕ ನಿಮ್ಮ ದಾರಿ ನೋಡತಿದ್ದೆ."

ಉತ್ತಮಣ್ಣ ಸರಳಿಗೆ ಹಣೆ ಹಚ್ಚಿ ಮುಂದೆ ಹೇಳು ಅಂದ. ನಾನು ಅಲ್ಲಿ ನಿಲ್ಲುವುದು ಚಂದವಲ್ಲ ಅನ್ನಿಸಿ ಕ್ಯಾನು ತೆಗೆದುಕೊಂಡು ಹೊರಟೆ. ಸಂಜೆಯ ಹಾಲಿಗೆ ಹೋದಾಗ ಗಂಜಿ ಆರಿ ಕೆನೆಗಟ್ಟಿ ಹೊಸ್ತಿಲ ಮೇಲೆ ಹಾಗೇ ಇತ್ತು, ಇಬ್ಬರೂ ಕೂತಲ್ಲಿಯೇ ಕೂತಿದ್ದರು. ವೈನಿಯ ಮಾತು ಇನ್ನೂ ಮದುವೆಯಾದ ಆ ಮೊದಲನೇ ವರ್ಷದ ದೀಪಾವಳಿಗೆ ಮುಟ್ಟಿರಲಿಲ್ಲ.